ಹಸಿದ ಅಜ್ಜಿಯನ್ನು ಕಂಡುಹಿಡಿದ ಟಿವಿಯವರಿಗೆ

ಸುಂಕೇರಿ, ಕಾರವಾರ
ಡಿಸೆಂಬರ್ ೨೦೦೬

ಸುದ್ದಿ ವಾಹಿನಿಯ ಸರ್ವಮಾನ್ಯರೇ,

ನಮ್ಮ ಮನೆಯ ಶೋಕೇಸಿನ ಮೇಲೆ ಕುಳಿತು, ಕರೆಂಟು ಹೋದಾಗ ಮಾತ್ರ ಬಾಯಿ ಮುಚ್ಚುವ, ಇಡೀ ರಾಜ್ಯದ ಕಷ್ಟಸುಖವನ್ನು ಎರಡು ಜಾಹೀರಾತುಗಳ ನಡುವಿನ ಸಣ್ಣ ಸಂದಿಯಲ್ಲಿ ವಿಚಾರಿಸಿಕೊಳ್ಳುವ ತಮ್ಮ ವಾಹಿನಿಗೆ ಸುಂಕೇರಿಯ ಹೀರಾ ಎಂಬ ಮುದುಕಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮರ್ಯಾದೆಗೆ. ಅಡ್ಡಬಿದ್ದು ಏಳುವಷ್ಟು ಬಿಡುವು ನನಗಿಲ್ಲ. ಹಿಲ್ಲೂರಿನ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು ನಾನು. ತಪ್ಪಿದ್ದಲ್ಲಿ ತಿದ್ದಿಕೊಳ್ಳಿ, ಆದರೆ ದಯಮಾಡಿ ಕತ್ತರಿಸಬೇಡಿ. ನೀವು ಕತ್ತರಿಸಿದ್ದರಿಂದಲೇ ಈ ಪತ್ರ ಬರೆಯಬೇಕಾಗಿ ಬಂತು.

ಕಳೆದ ತಿಂಗಳು ತಮ್ಮ ಕಡೆಯವರು ಕಾಳಿ ನದಿಯ ದಂಡೆಗೆ ಬಂದು, ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಳಚು ಹೆಕ್ಕುತ್ತಿದ್ದ ನನ್ನನ್ನು ಕಂಡುಹಿಡಿದರು. ಬಳಚು ಎಂದರೆ ಚಿಪ್ಪಿನೊಳಗೆ ಇರುವ ಮೀನು ಅಂದುಕೊಳ್ಳಿ. ನೀರು ಇಳಿದಾಗ ಕಾಲಿನಿಂದ ತಡವಿ, ಕೈಯಿಂದ ತೆಗೆದು, ಮನೆಗೆ ತಂದು ಕಾಯಿತುರಿ ಹಾಕಿ ಸುಕ್ಕಾ ಮಾಡಿದರೆ ಜಗಳವಾಡಿದವರೂ ಒಂದೇ ಪಂಕ್ತಿಯಲ್ಲಿ ಬಂದು ಕೂರುತ್ತಾರೆ. ನನ್ನ ಮಗ ರಾಮನಾಥ ಸರಕಾರಿ ಗುಮಾಸ್ತ. ಮನೆಯಲ್ಲಿ ಅಕ್ಕಿಯಿದೆ, ಫ್ರಿಜ್ಜಿನಲ್ಲಿ ಮೀನೂ ಇದೆ. ಆದರೂ ನಾನು ನದಿಗೆ ಇಳಿಯುತ್ತೇನೆ, ಏಕೆಂದರೆ ನನಗೆ ಅದು ಇಷ್ಟ. ತಮ್ಮಂಥ ದೊಡ್ಡವರು ಬೆಳಿಗ್ಗೆ ವಾಕಿಂಗ್ ಹೋಗುವುದಿಲ್ಲವೇ? ಅವರು ಬರಿಗೈಯಲ್ಲಿ ಮನೆಗೆ ಬರುತ್ತಾರೆ, ನಾನು ಬುಟ್ಟಿ ತುಂಬಿಸಿಕೊಂಡು ಬರುತ್ತೇನೆ, ವ್ಯತ್ಯಾಸ ಅಷ್ಟೇ.

ತಮ್ಮ ವರದಿಗಾರ್ತಿ ದಂಡೆಯಲ್ಲೇ ನಿಂತು, ಚಪ್ಪಲಿಗೆ ಕೆಸರು ತಾಗದಷ್ಟು ಬಗ್ಗಿ, "ಅಜ್ಜಿ, ಬೆಳಗ್ಗೆಯಿಂದ ಏನು ತಿಂದ್ರಿ?" ಎಂದು ಬಹಳ ಅಂತಃಕರಣದಿಂದ ಕೇಳಿದಳು. "ಎಂತದೂ ತಿನ್ನಲಿಲ್ಲ ಮಗಾ. ಹೊಟ್ಟೆ ತುಂಬಿದ್ರೆ ಬಗ್ಗೂಕೆ ಆಗುದಿಲ್ಲ. ಮನೆಗೆ ಹೋಗಿ ಎರಡು ತಾಟು ಅನ್ನ ಹೊಡೀತೆ, ನೀನೂ ಬಾ," ಎಂದೆ. ಇದರಲ್ಲಿ ತಾವು ಮೊದಲಿನ ಮೂರು ಮಾತು ಇಟ್ಟುಕೊಂಡು ಉಳಿದದ್ದನ್ನು ಎಸೆದಿರಿ. ಮೀನು ಹೆಚ್ಚುವಾಗ ನಾವೂ ತಲೆ ಬಾಲ ತೆಗೆಯುತ್ತೇವೆ. ಆದರೆ ಬಾಲ ಮಾತ್ರ ಇಟ್ಟುಕೊಂಡು ಮೀನು ಎಸೆಯುವ ಕೈಚಳಕ ನಮ್ಮ ಪೇಟೆಯ ಯಾವ ಮೀನುಗಾರ್ತಿಗೂ ಬಂದಿಲ್ಲ. ಆಮೇಲೆ ಬಿಸಿಲಿಗೆ ನೀರಾಡಿದ ನನ್ನ ಕಣ್ಣನ್ನು ಹತ್ತಿರದಿಂದ ತೋರಿಸಿ, ಹಿಂದಿನಿಂದ ಕೊಳಲು ಊದಿಸಿದಿರಿ. ನನ್ನನ್ನು ನೋಡಿ ನನಗೇ ಅಯ್ಯೋ ಅನ್ನಿಸಿ, ಎದ್ದು ಹೋಗಿ ಒಂದು ಚಕ್ಕುಲಿ ತಿಂದು ಬಂದೆ.

ನನ್ನ ಪಕ್ಕದಲ್ಲೇ ಇದ್ದ ಅಕ್ಕಮ್ಮನನ್ನು ತಾವು ಯಾಕೆ ತೋರಿಸಲಿಲ್ಲವೆಂದು ಊರವರು ಕೇಳುತ್ತಿದ್ದಾರೆ. ಬಳಚು ಮಾರಿ ನಿಜವಾಗಿ ಹೊಟ್ಟೆ ಹೊರೆಯುವವಳು ನಮ್ಮಲ್ಲಿ ಅವಳೊಬ್ಬಳೇ. ಮರಳಿನ ದೋಣಿಯವರು ನದಿಯ ತಳವನ್ನೇ ಕೆರೆದು ಒಯ್ಯುವುದರಿಂದ ಬಳಚು ಸಿಗುವುದೇ ಕಷ್ಟವಾಗಿದೆ ಎಂದು ಹೇಳಲು ಅವಳು ಗಂಟಲು ಸರಿಮಾಡಿಕೊಂಡೂ ನಿಂತಿದ್ದಳು. ಆದರೆ ನಂಟರ ಮನೆಯ ತೊಟ್ಟಿಲು ಶಾಸ್ತ್ರ ಮುಗಿಸಿ ನೇರವಾಗಿ ಬಂದದ್ದರಿಂದ ಅವಳ ತಲೆಯಲ್ಲಿ ಅಬ್ಬಲಿಗೆ ಹೂವಿನ ದಂಡೆಯಿತ್ತು, ಮೈಮೇಲೆ ಹಸಿರು ಸೀರೆಯಿತ್ತು. "ನೀವು ಸ್ವಲ್ಪ ಆಚೆ ನಿಲ್ಲಿ ಅಮ್ಮಾ, ಬಡವರ ಥರ ಕಾಣ್ತಿಲ್ಲ," ಎಂದರು ತಮ್ಮ ಕ್ಯಾಮೆರಾದವರು. ಅಕ್ಕಮ್ಮ ಬಿಟ್ಟಾಳೆಯೇ? "ಬಡವರ ಥರ ಕಾಣೂಕೆ ಯಾವ ಸೀರೆ ಉಡ್ಬೇಕು ಹೇಳಿ ಒಡೆಯಾ, ನಾಳೆ ಉಟ್ಕಂಡೇ ಬತ್ತೆ," ಎಂದಳು. ಅದನ್ನೂ ತಾವು ತೋರಿಸಲಿಲ್ಲ. ಬಡವರು ನಗುವುದು ತಮ್ಮ ನಿಯಮದಲ್ಲಿ ಇಲ್ಲವೆಂದು ಕಾಣುತ್ತದೆ.

ನನ್ನ ಮೊಮ್ಮಗಳು ರೂಪಾಲಿಗೆ ಮಾತ್ರ ತಾವು ಅನ್ಯಾಯ ಮಾಡಲಿಲ್ಲ. ಅವಳಿಗೆ ಒಂದು ಪಾತ್ರವನ್ನೇ ಕೊಟ್ಟಿರಿ. ಜೀನ್ಸ್ ಹಾಕಿಕೊಂಡು ದಂಡೆಯಲ್ಲಿ ಮೊಬೈಲು ಕಿವಿಗಿಟ್ಟು ನಿಂತವಳನ್ನು ತೋರಿಸಿ, "ಹಸಿದ ಹಿರಿಯರತ್ತ ತಿರುಗಿಯೂ ನೋಡದ ಇಂದಿನ ಪೀಳಿಗೆ" ಎಂದು ಗಂಭೀರ ಧ್ವನಿಯಲ್ಲಿ ಓದಿಸಿದಿರಿ. ಆ ಪೀಳಿಗೆ ಆಗ ತಾಯಿಗೆ ಫೋನು ಮಾಡಿ, "ಅಮ್ಮಾ, ಎರಡು ಕಾಯಿ ಒಡಿ, ಆಜಿಯ ಬುಟ್ಟಿ ತುಂಬ್ತು," ಎನ್ನುತ್ತಿತ್ತು.

ಇಷ್ಟಾದರೂ ತಮ್ಮ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ತಮ್ಮ ಪೆಟ್ಟಿಗೆಯೊಳಗೆ ಮುದುಕಿಯರು ಕೆಮ್ಮಿಕೊಂಡಿರುತ್ತಾರೆ ಇಲ್ಲವೇ ಆಶೀರ್ವಾದ ಮಾಡಿಕೊಂಡಿರುತ್ತಾರೆ, ಹರೆಯದವರಿಗೆ ಕುಣಿಯುವುದು ಬಿಟ್ಟರೆ ಹೆತ್ತವರನ್ನು ಮರೆಯುವುದೊಂದೇ ಕೆಲಸ, ಬಡವರು ಮುಖ ತೊಳೆಯುವುದಿಲ್ಲ, ಶ್ರೀಮಂತರು ಚಹಾ ಕುಡಿಯುವುದಕ್ಕೂ ಮಾಳಿಗೆಯ ಮೆಟ್ಟಿಲಿಳಿದೇ ಬರಬೇಕು. ಇಷ್ಟು ಸಲೀಸಾಗಿ ಮನುಷ್ಯರನ್ನು ಬೇರೆಬೇರೆ ಡಬ್ಬಿಗೆ ತುಂಬಿ ಚೀಟಿ ಅಂಟಿಸುವವರು ನಮ್ಮ ಕಿರಾಣಿ ಅಂಗಡಿಯಲ್ಲಿದ್ದರೆ ಬೇಳೆಯಲ್ಲಿ ಕಲ್ಲೇ ಬರುತ್ತಿರಲಿಲ್ಲ.

ತಮ್ಮ ಕಾರ್ಯಕ್ರಮದ ಮರುದಿನದಿಂದ ನಮ್ಮ ಅಂಗಳ ಜಾತ್ರೆಯಾಯಿತು. ಯಾವುದೋ ಸಂಘದ ಹೆಂಗಸರು ಬಾಳೆಹಣ್ಣು, ಕಂಬಳಿ ತಂದು, ನನ್ನ ಕೈಯಲ್ಲಿ ಹಿಡಿಸಿ ಫೋಟೋ ತೆಗೆಸಿಕೊಂಡು ಹೋದರು. ಕಚೇರಿಯಲ್ಲಿ ರಾಮನಾಥ ಯಾರ ಮುಂದೆಯೂ ಊಟದ ಡಬ್ಬಿ ಬಿಚ್ಚದಂತಾಯಿತು, ಬಿಚ್ಚಿದರೆ, "ಆಯಿಗೆ ಕೊಟ್ಟು ಬಂದ್ಯಾ?" ಎಂಬ ಪ್ರಶ್ನೆ. ಮೆತ್ತಗಿನ ಹುಡುಗ, ಪಾಪ ಕುಗ್ಗಿಹೋದ. ನದಿಯ ಕಡೆ ಕಾಲಿಡಕೂಡದೆಂದು ನನಗೆ ಅಪ್ಪಣೆ ಮಾಡಿ, ಗೇಟಿನೆದುರು ಕುರ್ಚಿ ಹಾಕಿಸಿ, ಶಾಲು ಹೊದಿಸಿ, ರಸ್ತೆಗೆ ಕಾಣುವ ಹಾಗೆ ದಿನವೂ ನನಗೆ ಹಾಲು ಕುಡಿಸಲು ತೊಡಗಿದ. ನಾನು ಶಾಲಿನೊಳಗಿನಿಂದ ರಸ್ತೆ ನೋಡುತ್ತಾ ಕೂತೆ. ತಾವು ತೋರಿಸಿದ ದಿನ ಅಂಥ ಮುದುಕಿ ಸುಂಕೇರಿಯಲ್ಲಿ ಇರಲಿಲ್ಲ ಮಾನ್ಯರೇ. ತೋರಿಸಿದ ಮೇಲೆ ತಯಾರಾದಳು. ಸುದ್ದಿಯನ್ನು ಮೊದಲು ಹೇಳಿ ಆಮೇಲೆ ನಿಜ ಮಾಡುವ ತಮ್ಮ ಸಾಮರ್ಥ್ಯಕ್ಕೆ ಏನೆನ್ನಲಿ!

ಆದುದರಿಂದ ನನ್ನ ಕೆಲವು ಬೇಡಿಕೆಗಳನ್ನು ತಾವು ಮನ್ನಿಸಬೇಕು. ಅದೇ ಹೊತ್ತಿಗೆ, ಅಷ್ಟೇ ಉದ್ದಕ್ಕೆ, ನಾನು ಊಟ ಮಾಡುವುದನ್ನು ತೋರಿಸಬೇಕು. ಬಳಚಿನ ಚಿಪ್ಪು ಚೀಪುವ ಸದ್ದು ಸ್ಪಷ್ಟವಾಗಿ ಕೇಳಿಸಬೇಕು. ಆ ಕೊಳಲಿನವರನ್ನು ಕೆಲಕಾಲ ನಮ್ಮಲ್ಲಿಗೆ ಕಳಿಸಿಕೊಡಬೇಕು. ರಾಮನಾಥ ಕಚೇರಿಗೆ ಹೋಗುವಾಗ ಅವನ ಹಿಂದಿನಿಂದ ಏನಾದರೂ ಕುಶಾಲಿನ ಹಾಡು ಊದುತ್ತಾ ಹೋದರೆ, ಇವನು ತಾಯಿಯನ್ನು ಸಾಕುವ ಮಗನೆಂದು ನೋಡಿದವರಿಗೆ ತಾನಾಗಿ ತಿಳಿಯುತ್ತದೆ. ಅಕ್ಕಮ್ಮನಿಗೆ ಮಾತಾಡಲು ಹೊತ್ತು ಕೊಡಬೇಕು; ಯಾವ ಸೀರೆ ಎಂಬುದನ್ನು ಅವಳೇ ತೀರ್ಮಾನಿಸುತ್ತಾಳೆ.

ತಾವು ಈ ಬೇಡಿಕೆಗಳನ್ನು ಪರಿಶೀಲಿಸುವವರೆಗೆ ಕಾಯುವಷ್ಟು ಆಯುಷ್ಯ ನನಗೆ ಉಂಟೋ ಇಲ್ಲವೋ ಎಂದು, ಮೊನ್ನೆ ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಶಾಲು ಬಿಸಾಡಿ ನದಿಗೆ ಹೋದೆ. ಯಾರು ಚಾಡಿ ಹೇಳಿದರೋ, ರಾಮನಾಥ ಕಚೇರಿಯ ಬಟ್ಟೆಯಲ್ಲೇ ಓಡಿಬಂದು ದಂಡೆಯ ಮೇಲಿನಿಂದ, "ಆಯೀ, ಮೇಲೆ ಬಾ! ಜನ ನೋಡ್ತ್ರು!" ಎಂದು ಕೂಗಿದ. ನಾನು ಬಗ್ಗಿದವಳು ಏಳಲಿಲ್ಲ. "ಕರ್ಕಂಡು ಹೋಗುದಾದ್ರೆ ಇಳಿ ಮಾರಾಯಾ, ಅಲ್ಲೇ ನಿಂತು ಕೂಗೂಕೆ ಅವಳೇನು ಎಮ್ಮೆಯಾ?" ಎಂದಳು ಅಕ್ಕಮ್ಮ. ಅವನು ಪ್ಯಾಂಟು ಮಡಚಿ, ನನ್ನನ್ನು ಬೈಯುತ್ತಲೇ ಇಳಿದ. ಹತ್ತಿರ ಬಂದವನು ರಟ್ಟೆ ಹಿಡಿದ. ಹಿಡಿದವನು ಯಾಕೋ ಹಾಗೆಯೇ ನಿಂತ. ಕಾಲಿಗೆ ಏನೋ ತಾಗಿರಬೇಕು, ಬಗ್ಗಿ, ಅಂಗೈಯಗಲದ ಬಳಚು ಎತ್ತಿ, "ಆಯೀ, ಇಲ್ಲೆಲ್ಲಾ ದೊಡ್ಡ ದೊಡ್ಡದುಂಟು!" ಎಂದ. ಏರುವ ಭರತದ ನೀರು ಸೊಂಟಕ್ಕೆ ಬಂದಾಗ ಅವನನ್ನು ಮೇಲೆ ಹತ್ತಿಸಲು ನಾನೇ ಕೂಗಬೇಕಾಯಿತು. ತಮ್ಮ ಕ್ಯಾಮೆರಾ ಆಗ ಅಲ್ಲಿದ್ದರೆ, ಹೊಟ್ಟೆಗಿಲ್ಲದೆ ಸರಕಾರಿ ಗುಮಾಸ್ತನೂ ಕೆಸರಿಗಿಳಿದನೆಂದು ತೋರಿಸುತ್ತಿದ್ದಿರಿ. ಮುಂದಿನ ಇಳಿತ ಯಾವಾಗ ಎಂದು ಅವನು ಊಟಕ್ಕೆ ಕೂತಲ್ಲೇ ಕೇಳಿದ್ದಾನೆ. ನಾನು ತಮಗೆ ಮಾತ್ರ ಹೇಳುವುದಿಲ್ಲ.

ಹೊಟ್ಟೆ ತುಂಬಿದ,
ತಮ್ಮ ವಿಶ್ವಾಸಿ,
ಹೀರಾ

ತಾ.ಕ.: ನನ್ನ ಹಸಿವಿನ ನಡುವೆ ತಾವು ತೂಕ ಇಳಿಸುವ ಚಹಾಪುಡಿಯ ಜಾಹೀರಾತನ್ನು ಮತ್ತೆ ಮತ್ತೆ ಹಾಕಿದ್ದಿರಿ. ಪಕ್ಕದ ಮನೆಯ ಗಂಗೂ, ನಾನು ಆ ಚಹಾ ಕುಡಿದೇ ಹೀಗೆ ಬಡಕಲಾದೆನೆಂದು ತಿಳಿದು ದೊಡ್ಡ ಪೊಟ್ಟಣ ತರಿಸಿದ್ದಾಳೆ. ಅವಳ ತೂಕ ಇಳಿದ ಮೇಲೆ ತಿಳಿಸುತ್ತೇನೆ. ತಮಗೆ ಮುಂದಿನ ಹಸಿದ ಮುದುಕಿಯನ್ನು ಹುಡುಕುವ ಶ್ರಮ ತಪ್ಪಲಿ.