ಸುಳ್ಳು ರೊಕ್ಕದ ದಲ್ಲಾಳಿ

ದಿನಕ್ಕೆರಡು ಸಲ ಲಕ್ಷಾಧೀಶನಾಗಿ, ಮೂರು ಸಲ ದಿವಾಳಿ ಎದ್ದು, ಆಮೇಲೂ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿಕೊಂಡು ತಿನ್ನುವ ಮನುಷ್ಯ ಇಡೀ ಹುಮನಾಬಾದಿನಲ್ಲಿ ಒಬ್ಬನೇ ಇದ್ದಾನೆ. ನನ್ನ ತಮ್ಮ!

ಹೆದರಬೇಡಿ, ರೊಕ್ಕ ಸುಳ್ಳು. ಮೊಬೈಲಿನಲ್ಲಿ ಶೇರು ವ್ಯಾಪಾರದ ಸ್ಪರ್ಧೆ ಇರುತ್ತದಂತೆ. ರೇಟು ಖರೆ, ರೊಕ್ಕ ಮಾತ್ರ ಆಟದ್ದು. ಕಲಿಯುವವರು ಮುಳುಗಿದರೂ ಮನೆ ಮುಳುಗಬಾರದು ಎಂದು ಹೀಗೆ ಮಾಡಿದ್ದಾರೆ. ಕಲಿಯುವವರೆಂದರೆ ಕಾಲೇಜಿನವರು. ಅವರ ನಡುವೆ ಎಪ್ಪತ್ತು ದಾಟಿದ ಇವನು!

ಮೊದಲು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಅಲ್ಲಿ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ; ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಹೇಳುತ್ತಾರೆ. ಆ ಚಟ ಹೋಗಲಿಲ್ಲ. ಮೊಬೈಲಿನ ಮೇಲೂ ಟವೆಲ್ ಮುಚ್ಚಿ ಒಳಗೊಳಗೇ ಒತ್ತುತ್ತಾನೆ. ಹೆಂಡತಿ ತೀರಿ ನಾಲ್ಕು ವರ್ಷವಾಯಿತು, ಮನೆಯಲ್ಲಿ ನೋಡುವವರು ಯಾರು? ಗೋಡೆಯ ಹಲ್ಲಿ ರೇಟು ಕದಿಯುತ್ತದೇನು? ಒಮ್ಮೆ ಹೀಗೇ ಕತ್ತಲಲ್ಲಿ ಒತ್ತಿ, ಮಾರುವುದರ ಬದಲು ಇನ್ನಷ್ಟು ಕೊಂಡು ಕುಳಿತ.

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದವನು ಕಂಪನಿಯ ಹಲ್ಲೂ ನೋಡಬೇಕಲ್ಲ! ಟೂತ್‌ಪೇಸ್ಟ್ ಕಂಪನಿಯ ಶೇರು ಕೊಳ್ಳುವ ಮುಂಚೆ ಹದಿನೈದು ದಿನ ಅದರಿಂದಲೇ ತಿಕ್ಕಿದ.

“ಮಾಲು ಪರೀಕ್ಷಾ ಮಾಡಾಕತ್ತೇನಿ, ಅಕ್ಕಾ.”

“ಬಾಯಾಗ ಇರೋವು ನಾಕ ಹಲ್ಲು. ಯಾತರ ಪರೀಕ್ಷಾನೋ?”

ಮಧ್ಯಾಹ್ನ ಮೂರೂವರೆಗೆ ಶೇರುಪೇಟೆ ಮುಚ್ಚುತ್ತದೆ. ಮುಚ್ಚಿದ ಕೂಡಲೇ ಬಸವಕಲ್ಯಾಣದಲ್ಲಿರುವ ನನಗೆ ಫೋನು. ಒಂದು ದಿನ “ಅಕ್ಕಾ, ಸಿಮೆಂಟ್ ಬಿತ್ತು!” ಎಂದು ಚೀರಿದ.

“ಕಾಲ ಮ್ಯಾಲ ಬಿತ್ತೇನೋ? ಲಗೂನ ದವಾಖಾನಿಗೆ ಹೋಗು!”

ಬಿದ್ದದ್ದು ಚೀಲವಲ್ಲ, ಶೇರು.

ಶನಿವಾರ, ರವಿವಾರ ಪೇಟೆ ಬಂದ್, ಇವನ ಫೋನೂ ಬಂದ್. ಪೀಡೆ ತಪ್ಪಿತು ಎನ್ನುತ್ತೇನೆ. ಎನ್ನುತ್ತಲೇ ಮೊಬೈಲು ಚಾರ್ಜಿಗೆ ಹಚ್ಚುತ್ತೇನೆ. ನನ್ನ ಮನೆಯಲ್ಲೂ ತೊಳೆಯುವುದು ಒಂದೇ ತಾಟು.

ಹೋದ ತಿಂಗಳು ಮಾತ್ರ ನಗು ಬರಲಿಲ್ಲ. “ಸ್ಪರ್ಧಾ ಮುಗೀತು, ಅಕ್ಕಾ. ನಾಳೆ ಅಕಿ ಪಾಟಲಿ ಮಾರಿ ಖರೇ ರೊಕ್ಕ ಹಾಕ್ತೇನಿ,” ಎಂದ. ಪಾಟಲಿ ಎಂದರೆ ಹೆಂಡತಿಯ ಬಂಗಾರದ ಬಳೆ. ಅವಳದೆಂದು ಆ ಮನೆಯಲ್ಲಿ ಉಳಿದದ್ದು ಅಷ್ಟೇ. ಮರುದಿನ ಮೊದಲ ಬಸ್ಸಿಗೇ ಹೋದೆ. ಬಳೆ ಜೇಬಿನಲ್ಲಿಟ್ಟು ಚಪ್ಪಲಿ ಮೆಟ್ಟುತ್ತಿದ್ದ.

“ಹುಚ್ಚ ಹಿಡದದೇನೋ ನಿನಗ? ಸುಳ್ಳ ರೊಕ್ಕದಾಗ ಎಷ್ಟ ಸಲ ಮುಳುಗಿದಿ?”

“ದಿನಾ.”

“ಮತ್ತ?”

“ಆಟ ಇಲ್ಲಂದ್ರ ನಿನಗ ಏನಂತ ಫೋನ್ ಮಾಡ್ಲಿ? ಕೆಲಸ ಇದ್ರಷ್ಟ ಮಾಡು ಅಂತ ನೀನೇ ಬೈದಿದ್ದಿ.”

ಬೈದಿದ್ದೆ. ಹೆಂಡತಿ ತೀರಿದ ಹೊಸದರಲ್ಲಿ ಫೋನು ಹಚ್ಚಿ ಏನೂ ಮಾತಾಡದೆ ಕೂತಿರುತ್ತಿದ್ದ. ಆಗ ಅಂದದ್ದು. ನಾನು ಮರೆತೇಬಿಟ್ಟಿದ್ದೆ.

ಬಳೆ ಕಸಿದು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. “ಇನ್ನೊಂದ ಆಟಕ್ಕ ಹೆಸರ ಹಚ್ಚು. ನಂದೂ ಹಚ್ಚು,” ಎಂದೆ. ಈಗ ಹೆಸರು ಚೆಂದ ಅನಿಸಿದ ಕಂಪನಿಯನ್ನೆಲ್ಲ ಕೊಳ್ಳುತ್ತೇನೆ; ಪಟ್ಟಿಯಲ್ಲಿ ಕಟ್ಟಕಡೆಯವಳು ನಾನೇ. ದಿನವೂ ಅವನಿಂದ ಬೈಸಿಕೊಳ್ಳುತ್ತೇನೆ.

ನಿನ್ನೆ ಬೆಳಿಗ್ಗೆ, ಪೇಟೆ ತೆರೆಯುವ ಮೊದಲೇ, ನಾನೇ ಫೋನು ಹಚ್ಚಿದೆ.

“ಯಾಕ ಅಕ್ಕಾ? ಏನ್ ಕೆಲಸ?” ಗಾಬರಿಯಾಗಿದ್ದ.

“ಏನೂ ಇಲ್ಲೋ,” ಎಂದೆ.