ಬೆಲ್ಟ್ ಹಾಕದೆ ಕೂತವರು

ಇನ್ನು ಐದು ವರ್ಷ ಈ ಕಾರಿನ ಮೇಲೆ ನೊಣ ಕೂರಬೇಕಾದರೂ ಕಂಪನಿಯವರ ಅಪ್ಪಣೆ ಪಡೆದೇ ಕೂರಬೇಕು, ಹಾಗೆ ಮಾಡಿಸಿಕೊಂಡು ಬರುತ್ತೇನೆ ಎಂದು ಫಿಟಿಂಗ್ ಮಾಸ್ತರು ಅಂದು ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಸಾರಿದರು. ಹೆಂಡತಿ ಮಡಚಲಾರದ ಮಂಡಿಯನ್ನು ನೀವಿಕೊಳ್ಳುತ್ತ, ಲೋಟ ಮೆಲ್ಲಗಿಡಿ, ಅದಕ್ಕೆ ವಾರಂಟಿ ಇಲ್ಲ ಎಂದರು.

ಮಾಸ್ತರು ದರ್ಜಿ. ಫಿಟಿಂಗ್ ಮಾಸ್ತರು ಎಂಬುದು ಬೀದಿಯವರು ಕೊಟ್ಟ ಹೆಸರು; ಅಪ್ಪ ಅಮ್ಮ ಇಟ್ಟದ್ದು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಅವರು ಹೊಲಿದ ಬಟ್ಟೆಯಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿದವರಿಲ್ಲ. ಸುಕ್ಕಿಗೆ ಅಲ್ಲಿ ಜಾಗವೇ ಇರುತ್ತಿರಲಿಲ್ಲ. ಅವರ ಕೋಟು ತೊಟ್ಟ ಗಿರಾಕಿಗೆ ಸೀನು ಬಂದರೆ ಮೊದಲು ಗುಂಡಿ ಬಿಚ್ಚುತ್ತಿದ್ದ, ಆಮೇಲೆ ಸೀನುತ್ತಿದ್ದ. ಆದರೂ ಯಾರೂ ವಾಪಸು ತಂದು ಕೊಡುವ ಹಾಗಿರಲಿಲ್ಲ. ಮನೆಯ ಮುಂಭಾಗದ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ನೆತ್ತಿಗೇ ದಪ್ಪಕ್ಷರದ ಹಲಗೆಯೊಂದು ತೂಗುತ್ತಿತ್ತು: ‘ಇಲ್ಲಿ ಆಲ್ಟರೇಷನ್ ಮಾಡುವುದಿಲ್ಲ’. ಬೇರೆಯವರು ಹೊಲಿದದ್ದನ್ನು ಬಿಚ್ಚುವುದು ತನ್ನ ಘನತೆಗೆ ಕಡಿಮೆ, ತಾನು ಹೊಲಿದದ್ದನ್ನು ಬಿಚ್ಚುವ ಸಂದರ್ಭವೇ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ.

ಅವರಿಗೆ ಕತ್ತರಿ ಹಿಡಿಯಲು ಕಲಿಸಿದ ಮುದುಕ ಗುರುಗಳೊಬ್ಬರಿದ್ದರು. ಅವರೊಬ್ಬರು ಮಾತ್ರ ಸಾಯುವ ತನಕ ಶಿಷ್ಯನಿಗೆ ಹೇಳುತ್ತಲೇ ಇದ್ದರು, “ಅರ್ಧ ಇಂಚು ಬಿಡೋ, ಒಳಗೆ ಮನುಷ್ಯ ಇದಾನೆ.” ಶಿಷ್ಯ ಬಿಡಲಿಲ್ಲ. ಗುರುಗಳ ಅಂಗಡಿಯ ಎದುರಿಗೇ ಸ್ವಂತ ಅಂಗಡಿ ಇಟ್ಟು, ಬಿಡದೆಯೇ ಹೆಸರು ಮಾಡಿದ.

ಕಾರಿನ ಕಥೆ ಬೇರೆ. ಹೆಂಡತಿಯ ಮಂಡಿ ಸವೆದು ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟವಾದಾಗ ತೆಗೆದುಕೊಂಡ ಕರೆಂಟಿನ ಕಾರು ಅದು. ವಾರಕ್ಕೆರಡು ಸಲ ಆಸ್ಪತ್ರೆಯ ವ್ಯಾಯಾಮಕ್ಕೆ ಅವರನ್ನು ಹೊತ್ತೊಯ್ದು ಹೊತ್ತು ತರುತ್ತಿತ್ತು. ಮೂರು ವರ್ಷದಲ್ಲಿ ಅವರು ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ ನಡೆಯುವಂತಾಗಿದ್ದರು. ಕಾರು ನಿಂತರೆ ಮಂಡಿಯೂ ನಿಂತೀತು. ಅದರ ಬ್ಯಾಟರಿ ಹೋದರೆ ಹೊಸದು ಕೊಳ್ಳುವ ಬದಲು ಇನ್ನೊಂದು ಕಾರಿನ ಮುಕ್ಕಾಲು ಪಾಲು ಕೊಳ್ಳಬಹುದು ಎಂದು ಮಹಡಿಯ ಮೇಲಿದ್ದ ಭಾವಮೈದ ದಿನಕ್ಕೊಮ್ಮೆ ಇಳಿದು ಬಂದು ನೆನಪಿಸಿ ಹೋಗುತ್ತಿದ್ದ.

ಕಂಪನಿಯ ಮೂರು ವರ್ಷದ ವಾರಂಟಿ ಆ ದಿನಕ್ಕೆ ಮುಗಿಯುತ್ತಿತ್ತು. ಮುಗಿಯುವುದರೊಳಗೆ ಕಾರು ತಂದು ತೋರಿಸಿ, ಒಂದೂ ದೋಷವಿಲ್ಲದಿದ್ದರೆ ಬ್ಯಾಟರಿ ಸಮೇತ ಇನ್ನೈದು ವರ್ಷ ಮುಂದುವರಿಸುತ್ತೇವೆ, ಒಂದು ದಿನ ತಪ್ಪಿದರೂ ಇಲ್ಲ ಎಂದು ಕಾಗದ ಬಂದು ನಾಲ್ಕು ತಿಂಗಳಾಗಿತ್ತು. ಮಾಸ್ತರು ಅದನ್ನು ಸೀಮೆಸುಣ್ಣದ ಡ್ರಾಯರಿನಲ್ಲಿಟ್ಟು, ನಲವತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿದ್ದನ್ನೇ ಅದಕ್ಕೂ ಹೇಳಿದ್ದರು: ನಾಳೆ. ಈಗ ನಾಳೆಗಳೆಲ್ಲ ಖರ್ಚಾಗಿ ಈ ದಿನವೊಂದೇ ಉಳಿದಿತ್ತು. ಅದೂ ಶನಿವಾರ, ವರ್ಕ್‌ಶಾಪು ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತದೆ.

ತೋರಿಸಲು ಒಯ್ಯುವ ಕಾರು ಚೆಂದವಾಗಿರಲಿ ಎಂದು ಹಿಂದಿನ ದಿನವೇ ಮಾಸ್ತರು ಸೀಟಿಗೆ ಅಂಗಿ ಹೊಲಿದಿದ್ದರು. ಮೊದಲು ಹೆಂಡತಿ ಕೂರುವ, ತಮ್ಮ ಪಕ್ಕದ ಸೀಟು. ಅಳತೆ ತೆಗೆದು, ಗಂಜಿ ಬಿಡದ ಹೊಸ ಬಟ್ಟೆ ಕತ್ತರಿಸಿ, ಸೀಟಿಗೆ ತೊಡಿಸಿ, ಅಲ್ಲೇ ಕೂತು ಕೈಹೊಲಿಗೆಯಲ್ಲಿ ಮುಚ್ಚಿದ್ದರು. ಇನ್ನು ಆ ಸೀಟು ಬಿಚ್ಚಿಕೊಳ್ಳಬೇಕೆಂದರೂ ಬಿಚ್ಚಿಕೊಳ್ಳುವ ಹಾಗಿಲ್ಲ. ಉಳಿದ ಸೀಟುಗಳಿಗೆ ನಾಳೆ.

ಒಂಬತ್ತೂವರೆಗೆ ಮಾಸ್ತರು ಒಬ್ಬರೇ ಹೋಗಿ ಕಾರು ಹತ್ತಿ, ಬೆಲ್ಟ್ ಬಿಗಿದು, ಗುಂಡಿ ಒತ್ತಿ, ಗೇಟಿನ ಕಡೆ ನಾಲ್ಕು ಮಾರು ಸರಿಸಿದ್ದರು. ಟಿಂಗ್ ಎಂದಿತು.

ಎದುರಿನ ಫಲಕದಲ್ಲಿ ಒಬ್ಬ ಕೆಂಪು ಮನುಷ್ಯ ಹತ್ತಿಕೊಂಡಿದ್ದ. ಎದೆಯ ಮೇಲೆ ಅಡ್ಡ ಪಟ್ಟಿ. ಅವನ ಪರಿಚಯ ಮಾಸ್ತರಿಗೆ ಚೆನ್ನಾಗಿತ್ತು. ಹೆಂಡತಿ ಬೆಲ್ಟ್ ಮರೆತ ದಿನ ಬರುತ್ತಿದ್ದವನೇ. ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎಂದು ಅವನ ದೂರು.

ಮಾಸ್ತರು ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಯಾರೂ ಕೂತಿರಲಿಲ್ಲ.

ಟಿಂಗ್. ಟಿಂಗ್. ಈಗ ಸ್ವಲ್ಪ ಬೇಗ ಬೇಗ. ಮಾಸ್ತರ ಕತ್ತಿನ ಹಿಂದಿನ ಕೂದಲು ಒಂದೊಂದಾಗಿ ಎದ್ದು ನಿಂತವು. ಕಾರು ನಿಲ್ಲಿಸಿ, ಮತ್ತೆ ಎಬ್ಬಿಸಿದರು. ಕೆಂಪು ಮನುಷ್ಯ ಮತ್ತೆ ಎದ್ದ. ಸೀಟಿನ ಮೇಲೆ ಕೈಯಾಡಿಸಿ ನೋಡೋಣವೆಂದು ಕೈ ಚಾಚಿದವರು, ಯಾರಿಗಾದರೂ ತಾಕೀತೆಂದು ಅರ್ಧಕ್ಕೇ ಹಿಂದಕ್ಕೆಳೆದುಕೊಂಡರು.

ಟಿಂಗ್ ಟಿಂಗ್ ಕೇಳಿ ಭಾವಮೈದ ಮಹಡಿಯಿಂದ ಇಳಿದು ಬಂದ. ಫೋನಿನಲ್ಲಿ ಕಾರಿನ ಚಿತ್ರಗಳನ್ನು ನೋಡಿ ನೋಡಿಯೇ ಅರ್ಧ ಎಂಜಿನಿಯರ್ ಆಗಿದ್ದವನು. ಕಿಟಕಿಯಿಂದ ತಲೆ ತೂರಿಸಿ, ದೀಪ ನೋಡಿ, ಖಾಲಿ ಸೀಟು ನೋಡಿ, ತಲೆ ಹೊರಗೆಳೆದುಕೊಂಡ. ಬ್ಯಾಟರಿ ಇರುವುದೇ ಸೀಟಿನ ಕೆಳಗೆ, ಅದು ಎಲ್ಲೋ ಸೋರಿದೆ, ಒಬ್ಬ ಮನುಷ್ಯನ ತೂಕದಷ್ಟು ಕರೆಂಟು ಮೇಲೆ ಹತ್ತಿ ಸೀಟಿನಲ್ಲಿ ಕೂತಿದೆ ಎಂದು ತೀರ್ಪು ಕೊಟ್ಟ. ಮುಟ್ಟಿದರೆ ಏನಾಗುತ್ತದೆ ಎಂದು ಮಾಸ್ತರು ಕೇಳಿದರು.

“ಭಾವ, ಮುಟ್ಟಿದವರು ಯಾರೂ ಹೇಳೋಕೆ ವಾಪಸ್ ಬಂದಿಲ್ಲ.”

ಮಾಸ್ತರಿಗೆ ಆ ಮಾತಿನಲ್ಲಿ ಒಂದಿಷ್ಟು ಸಮಾಧಾನವೇ ಆಯಿತು. ಕರೆಂಟಾದರೆ ಕರೆಂಟು. ಅವರ ಮನಸ್ಸಿನಲ್ಲಿ ಎದ್ದಿದ್ದ ಹೆಸರು ಬೇರೆಯದು. ಆ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯುತ್ತಿತ್ತಲ್ಲ, ಅದು ಥೇಟ್ ಗುರುಗಳ ಮೈಯ ವಾಸನೆ.

ಹೆಂಡತಿ ಕೋಲೂರಿಕೊಂಡು ಬಂದು ಎಲ್ಲ ಕೇಳಿಸಿಕೊಂಡರು. ಗಡಿಯಾರ ನೋಡಿದರು.

“ರೀ, ಯಾರಾದ್ರೂ ಆಗ್ಲಿ, ಒಂದು ಬೆಲ್ಟ್ ಹಾಕಿ.”

ಮಾಸ್ತರು ಅಡುಗೆಮನೆಯ ರಬ್ಬರು ಕೈಗವಸು ತೊಟ್ಟು, ಮುಖ ಆಚೆ ತಿರುಗಿಸಿ, ಖಾಲಿ ಸೀಟಿನ ಎದೆಯ ಮೇಲೆ ಬೆಲ್ಟ್ ಎಳೆದು ಸಿಕ್ಕಿಸಿದರು. ಟಿಂಗ್ ನಿಂತಿತು. ಕೆಂಪು ಮನುಷ್ಯ ಆರಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಟೆ ಹೊಡೆಯುತ್ತಿದ್ದಾಗ ಇಲ್ಲದ ನಡುಕ ಮಾಸ್ತರಿಗೆ ಈಗ ಶುರುವಾಯಿತು. ಹಾಕಿಸಿಕೊಂಡು ಸುಮ್ಮನಾದರಲ್ಲ!

ಒಬ್ಬರೇ ಹೊರಡಲು ಕಾಲು ಬರಲಿಲ್ಲ. ನಿನಗೂ ಸ್ವಲ್ಪ ಗಾಳಿ ಸಿಕ್ಕಿದ ಹಾಗಾಗುತ್ತದೆ, ಬಾ ಎಂದು ಹೆಂಡತಿಯನ್ನು ಕರೆದರು. ಭಾವಮೈದನನ್ನೂ ಕರೆಯೋಣವೆಂದರೆ ಅವನಿಗೆ ಆ ಕ್ಷಣವೇ ಮಹಡಿಯ ಮೇಲೆ ಏನೋ ತುರ್ತು ಕೆಲಸ ನೆನಪಾಗಿತ್ತು. ಮುಂದಿನ ಸೀಟು ಭರ್ತಿಯಾಗಿದ್ದುದರಿಂದ ಹೆಂಡತಿ ಹಿಂದೆ ಹತ್ತಿದರು. ಮಡಚದ ಕಾಲನ್ನು ಸೀಟಿನುದ್ದಕ್ಕೆ ಚಾಚಿ, ಅಡ್ಡಡ್ಡ ಕೂತು, ಹಲ್ಲು ಕಚ್ಚಿಕೊಂಡರು. ಕನ್ನಡಿಯಲ್ಲಿ ಅದನ್ನು ಕಂಡು ಮಾಸ್ತರಿಗೆ ಕರುಳು ಚುರುಕ್ಕೆಂದಿತು. ಆದರೆ ಮುಂದೆ ಕೂರು ಎಂದು ಹೇಳುವುದು ಹೇಗೆ? ಯಾರ ತೊಡೆಯ ಮೇಲೆ?

ಪೆಟ್ರೋಲಿನ ಕಾರಾಗಿದ್ದರೆ ಗುರ್ ಎನ್ನುತ್ತ ಧೈರ್ಯ ಹೇಳುತ್ತಿತ್ತು. ಈ ಕಾರಿಗೆ ಸದ್ದೇ ಇಲ್ಲ. ಆ ಮೌನದಲ್ಲಿ ಪಕ್ಕದ ಸೀಟು ಪ್ರತಿ ತಿರುವಿನಲ್ಲೂ ಕಿರ್ ಎಂದು ಮಗ್ಗುಲು ಬದಲಿಸುತ್ತಿತ್ತು. ಒಮ್ಮೆ ಸೈಕಲ್ಲಿನವನು ಅಡ್ಡ ಬಂದು ಬ್ರೇಕು ಒತ್ತಿದಾಗ, ಬೆಲ್ಟ್ ಟಕ್ಕೆಂದು ಬಿಗಿದುಕೊಂಡಿತು. ಮಾಸ್ತರು ತಮಗರಿವಿಲ್ಲದೆಯೇ, “ತಪ್ಪಾಯ್ತು, ಗುರುಗಳೇ” ಅಂದುಬಿಟ್ಟರು.

“ಯಾರ ಹತ್ರ ಮಾತಾಡ್ತಿದೀರಿ?”

“ರೇಡಿಯೋ.”

“ಅದು ಹಾಕೇ ಇಲ್ಲ.”

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಕೆಳಗೆ ನೋಡಿದಳು. ಹಿಂದೆ ಅಡ್ಡಲಾಗಿ ಮಲಗಿದಂತಿರುವ ಹೆಂಡತಿ, ಮುಂದೆ ರಬ್ಬರು ಕೈಗವಸಿನ ಗಂಡ, ಪಕ್ಕದಲ್ಲಿ ಭದ್ರವಾಗಿ ಬೆಲ್ಟ್ ಹಾಕಿಸಿಕೊಂಡ ಶೂನ್ಯ. ಅವಳು ಪಕ್ಕದವಳನ್ನು ತಿವಿದಳು. ಮಾಸ್ತರು ಹಸಿರು ದೀಪ ಬರುವ ತನಕ ನೇರ ಮುಂದಕ್ಕೆ ನೋಡಿದರು.

ವರ್ಕ್‌ಶಾಪು ತಲುಪಿದಾಗ ಸರದಿಯಲ್ಲಿ ಇನ್ನೂ ಮೂರು ಕಾರುಗಳಿದ್ದವು. ಅವೂ ಇಂದೇ ಮುಗಿಯುವವೋ ಏನೋ, ಒಡೆಯರೆಲ್ಲ ಪರೀಕ್ಷೆಯ ಹಾಲಿನ ಮುಂದೆ ನಿಂತವರಂತೆ ನಿಂತಿದ್ದರು. ಮಾಸ್ತರ ಸರದಿ ಬರುವಾಗ ಹನ್ನೆರಡು ದಾಟಿತ್ತು. ತಪಾಸಣೆ ಮಾಡುತ್ತಿದ್ದ ಮೆಕ್ಯಾನಿಕ್ ನಡುವಯಸ್ಸಿನ ಹೆಂಗಸು. ಕೈಯಲ್ಲಿ ಫಾರಂ, ಕಿವಿಯ ಮೇಲೆ ಪೆನ್ನು. ಕಾರನ್ನು ಮೇಲೆತ್ತಿ ಹೊಟ್ಟೆ ನೋಡಿದಳು, ಟೈರು ನೋಡಿದಳು, ಎಲ್ಲಿಗೋ ವೈರು ಸಿಕ್ಕಿಸಿ ಬ್ಯಾಟರಿಯ ನಾಡಿ ನೋಡಿದಳು. ಬ್ಯಾಟರಿ ಹೊಸದರ ಹಾಗಿದೆ ಎಂದಳು. ಕರೆಂಟು ಸೋರಿಲ್ಲವೇ ಎಂದು ಮಾಸ್ತರು ಮೆಲ್ಲಗೆ ಕೇಳಿದರು. ಒಂದು ಹನಿಯೂ ಇಲ್ಲ ಎಂದಳು. ಆ ಮಾತು ಕೇಳಿ ಹಿಗ್ಗಬೇಕಾದ ಮಾಸ್ತರು ತಣ್ಣಗಾದರು. ಕರೆಂಟಲ್ಲವೆಂದ ಮೇಲೆ ಕೂತವರು ಯಾರೆಂದು ಇನ್ನು ಅನುಮಾನವೇ ಇಲ್ಲ.

ಫಾರಂ ಓದುತ್ತ ಅವಳು ಕೇಳಿದಳು, “ಕಾರಿಗೆ ನೀವಾಗಿ ಏನಾದ್ರೂ ಆಲ್ಟರೇಷನ್ ಮಾಡಿದೀರಾ, ಸರ್?”

ಅಷ್ಟು ಭಯದಲ್ಲೂ ಮಾಸ್ತರ ಬೆನ್ನು ನೆಟ್ಟಗಾಯಿತು. “ತಾಯಿ, ನಾನು ಹುಟ್ಟಿದಾಗಿನಿಂದ ಆಲ್ಟರೇಷನ್ ಮಾಡಿದವನಲ್ಲ. ಬೇಕಾದ್ರೆ ನಮ್ಮ ಬೀದೀಲಿ ಕೇಳಿ.”

ಅವಳು ‘ಇಲ್ಲ’ ಎಂದು ಗುರುತು ಹಾಕಿ, ಕೊನೆಗೆ ಒಳಗೆ ನೋಡಲು ಪಕ್ಕದ ಬಾಗಿಲು ತೆರೆದಳು. ಖಾಲಿ ಸೀಟಿಗೆ ಬಿಗಿದ ಬೆಲ್ಟ್ ನೋಡಿ ಇದೇನೆಂದಳು. ಸೀಟು ಅಲುಗಾಡದಿರಲಿ ಅಂತ ಎಂದರು ಮಾಸ್ತರು. ಅವಳು ಬೆಲ್ಟ್ ಬಿಚ್ಚಿದಳು.

ಟಿಂಗ್.

“ಇಲ್ಲಿ ಯಾರೋ ಕೂತಿದಾರೆ ಅಂತಿದೆ, ಸರ್. ಇದು ದೋಷ. ದೀಪ ಆರದೆ ನಾನು ಸೀಲ್ ಹಾಕೋ ಹಾಗಿಲ್ಲ. ಒಂದಕ್ಕೆ ಬಾಗಿಲು ಹಾಕ್ತೀವಿ.”

ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಮಾಸ್ತರ ಕಣ್ಣ ಮುಂದೆ ನಿಂತುಹೋದ ಕಾರು, ಬಸ್ಸಿನ ಮೆಟ್ಟಿಲು, ಮತ್ತೆ ಮಂಚಕ್ಕಂಟಿದ ಹೆಂಡತಿ, ಎಲ್ಲ ಸಾಲಾಗಿ ಬಂದವು. ಅಲ್ಲೇ ಟೈರಿನ ರಾಶಿಯ ಮೇಲೆ ಕುಸಿದು, ಎಲ್ಲವನ್ನೂ ಒಪ್ಪಿಕೊಂಡರು. ಗುರುಗಳ ಎದುರಿಗೇ ಅಂಗಡಿ ಇಟ್ಟದ್ದು, ಅವರು ಕೊನೆಗಾಲದಲ್ಲಿ ಮಲಗಿದ್ದಾಗ ನೋಡಲು ಹೋಗುವುದನ್ನು ನಾಳೆ ನಾಳೆ ಎಂದು ಮುಂದಕ್ಕೆ ಹಾಕಿದ್ದು, ಅವರೀಗ ಗಂಜಿ ವಾಸನೆಯ ಸಮೇತ ಬಂದು ಕೂತಿರುವುದು. ಯಾರಾದರೂ ಹೇಳಿ ಅವರನ್ನು ಇಳಿಸಬೇಕು, ತನ್ನ ಮಾತು ಅವರು ಕೇಳುವುದಿಲ್ಲ.

ಮೆಕ್ಯಾನಿಕ್ ನಗಲಿಲ್ಲ. ಬಗ್ಗಿ ಸೀಟಿನ ಮೇಲೆ ಬೆರಳು ಮೀಟಿದಳು. ಅದು ಡೋಲಿನ ಹಾಗೆ ಡಬ್ ಎಂದಿತು.

“ಇದನ್ನ ಹೊಲಿದಿದ್ದು ಯಾರು?”

ಸಾಯುವ ಗಳಿಗೆಯಲ್ಲೂ ಕಸುಬು ಕಸುಬೇ. ಯಾಕೆ, ಫಿಟಿಂಗ್ ಹೇಗಿದೆ ಎಂದು ಮಾಸ್ತರು ಕಣ್ಣೊರೆಸಿಕೊಂಡು ಕೇಳಿದರು.

ಸೀಟಿನೊಳಗೆ ಒಂದು ತೆಳುವಾದ ಹಾಳೆ ಇರುತ್ತದೆ, ಮನುಷ್ಯ ಕೂತರೆ ಅದು ಒತ್ತಿಕೊಳ್ಳುತ್ತದೆ, ಆಗ ಗಂಟೆ ಹೊಡೆಯುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಮಾಸ್ತರು ಹೊಲಿದ ಬಿಗಿಗೆ ಆ ಹಾಳೆ ಯಾರೂ ಕೂರದೆಯೇ ಒತ್ತಿಕೊಂಡು ಬಿಟ್ಟಿದೆ. ಹೀಗೆಂದು ಜೇಬಿನಿಂದ ಬ್ಲೇಡು ತೆಗೆದು, ಹರಿದು ಎಸೆಯೋಣವೇ ಎಂದಳು. ಮಾಸ್ತರು ಎರಡೂ ಕೈ ಅಡ್ಡ ಹಿಡಿದರು.

“ಹಾಗಾದ್ರೆ ನೀವೇ ಬಿಚ್ಚಿ. ಜಾಸ್ತಿ ಬೇಡ, ಅರ್ಧ ಇಂಚು ಬಿಟ್ರೆ ಸಾಕು. ಒಳಗೆ ಮನುಷ್ಯ ಇದಾನೆ ಅಂತ ತಿಳ್ಕೊಂಡಿದೆ ಅದು.”

ಅರ್ಧ ಇಂಚು ಎಂಬ ಮಾತಿಗೆ ಮಾಸ್ತರ ಮೈ ಇನ್ನೊಮ್ಮೆ ಜುಮ್ಮೆಂದಿತು. ಎಣ್ಣೆ ಕಲೆಯ ನೆಲದ ಮೇಲೆ ಮಂಡಿಯೂರಿದರು. ಕಾಲರಿಗೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಸೂಜಿ ತೆಗೆದರು. ಮೂವರು ಕಾರಿನ ಒಡೆಯರು, ಇಬ್ಬರು ಮೆಕ್ಯಾನಿಕ್ಕುಗಳು ಸುತ್ತ ನಿಂತು ನೋಡುತ್ತಿರುವಾಗ, ಆಲ್ಟರೇಷನ್ ಮಾಡದ ಮಾಸ್ತರು ತಾವು ಹಾಕಿದ ಹೊಲಿಗೆಯನ್ನು ತಾವೇ ಒಂದೊಂದಾಗಿ ಕಿತ್ತರು. ಎರಡು ಸಲ ಬೆರಳು ಚುಚ್ಚಿಕೊಂಡರು. ಅರ್ಧ ಇಂಚು ಬಿಟ್ಟು ಮತ್ತೆ ಹೊಲಿದು ಮುಗಿಸುವಾಗ ಒಂದಕ್ಕೆ ಐದು ನಿಮಿಷ. ಮೆಕ್ಯಾನಿಕ್ ಗುಂಡಿ ಒತ್ತಿದಳು. ಎಲ್ಲರೂ ಉಸಿರು ಹಿಡಿದರು.

ಕೆಂಪು ಮನುಷ್ಯ ಬರಲಿಲ್ಲ. ಸೀಟು ಮೊದಲ ಸಲ ಉಸಿರು ಬಿಟ್ಟಂತೆ ಒಂದಿಷ್ಟು ಉಬ್ಬಿ, ಬಟ್ಟೆಯಲ್ಲಿ ಒಂದು ಸಣ್ಣ ಸುಕ್ಕು ಮೂಡಿತು. ಫಾರಂ ಮೇಲೆ ಸೀಲು ಬಿತ್ತು.

ಬರುವಾಗ ಹೆಂಡತಿ ಮುಂದೆ ಕೂತರು. ಕಾಲು ನೀಡಿಕೊಂಡು, ಬೆಲ್ಟ್ ಹಾಕಿಕೊಂಡು, ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ಮಾಸ್ತರಿಗೆ ಗೊತ್ತಿತ್ತು. ಆದರೆ ಅಂದಿನ ಭಯದ ಕೋಟಾ ಮುಗಿದಿದೆ ಎಂದುಕೊಂಡಿದ್ದರು.

ಮನೆಗೆ ಬಂದವರೇ ಹೆಂಡತಿ ಬೀರು ತೆಗೆದರು. ಗಂಡ ಹೊಲಿದುಕೊಟ್ಟ, ಮದುವೆಯಾದಾಗಿನಿಂದ ತೊಡಲಾಗದೆ ಎತ್ತಿಟ್ಟ ಬ್ಲೌಸುಗಳನ್ನೆಲ್ಲ ಎರಡು ಕಂತಿನಲ್ಲಿ ತಂದು ಹೊಲಿಗೆ ಯಂತ್ರದ ಮೇಲೆ, ಆ ಹಲಗೆಯ ನೇರ ಕೆಳಗೆ ಪೇರಿಸಿದರು. ರಾಶಿ ಹಲಗೆಯನ್ನು ಮುಟ್ಟಿತು.

“ಮೂರು ವರ್ಷದ ಕಾರು ಬಿಗಿ ಅಂತು, ಮಂಡಿಯೂರಿ ಬಿಚ್ಚಿಕೊಟ್ರಿ. ನಲವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಿ. ನನಗೊಂದು ಕೆಂಪು ದೀಪ ಇರಲಿಲ್ಲ, ಅಷ್ಟೇ.”

ಮಾಸ್ತರು ರಾಶಿ ನೋಡಿದರು. ಹಲಗೆ ನೋಡಿದರು. ಅಭ್ಯಾಸಬಲ, ಬಾಯಿ ತಾನಾಗಿಯೇ ತೆರೆದುಕೊಂಡಿತು.

“ನಾಳೆ...”

“ಟಿಂಗ್” ಎಂದರು ಹೆಂಡತಿ.

ಮಾಸ್ತರು ಕಾಲರಿಗೆ ಕೈ ಹಾಕಿ ಸೂಜಿ ತೆಗೆದರು.