ತುಕ್ಕು ಹಿಡಿಯದ ತಮ್ಮ

ನನ್ನ ತಮ್ಮನ ಆರೋಗ್ಯ ಕಲ್ಲುಗುಂಡು. ಅದನ್ನು ಕೆಡಿಸಿಕೊಳ್ಳಲು ಅವನು ಪಟ್ಟಷ್ಟು ಪಾಡನ್ನು ಯಾವ ರೋಗಿಯೂ ಗುಣವಾಗಲು ಪಟ್ಟಿರಲಾರ!

ನಾನು ರಾಯದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಐದಕ್ಕೆ ಏಳುವುದು, ಒಂಬತ್ತಕ್ಕೆ ದೀಪ ಆರಿಸುವುದು, ನಡುವೆ ಹೊತ್ತಿಗೆ ಸರಿಯಾಗಿ ಮುದ್ದೆ ಸಾರು. ನನಗೆ ಗೊತ್ತಿರುವ ಆರೋಗ್ಯಶಾಸ್ತ್ರ ಇಷ್ಟೇ. ತಮ್ಮನಿಗೆ ಇದು ತೀರ ಸಪ್ಪೆ.

ಜೀನ್ಸ್ ಹೊಲಿಗೆಗೆ ರಾಯದುರ್ಗದಲ್ಲಿ ಕೈಗಳು ಸಾಲದಿದ್ದ ಕಾಲದಲ್ಲಿ ಅವನೂ ಅವನ ಹೆಂಡತಿಯೂ ಮಡಕಶಿರದ ಕಡೆಯ ಹಳ್ಳಿ ಬಿಟ್ಟು ಬಂದು ನಮ್ಮ ಓಣಿಯಲ್ಲೇ ಇದ್ದರು. ಸಂಜೆ ಮನೆಗೆ ಬಂದರೆ ಇಬ್ಬರ ಹುಬ್ಬೂ ನೀಲಿ. ಆ ನೀಲಿ ಧೂಳು ಇವನಿಗೆ ಏನೂ ಮಾಡಲಿಲ್ಲ; ಅವಳ ಎದೆಯಲ್ಲಿ ಮನೆ ಮಾಡಿತು. ಊರಿಗೆ ಮರಳಿ ರೇಷ್ಮೆ ಹುಳು ಸಾಕತೊಡಗಿದ ಮೇಲೂ ಕೆಮ್ಮು ನಿಲ್ಲಲಿಲ್ಲ. ಮಾತ್ರೆ ಕೊಟ್ಟರೆ ಗಂಟಲಿಳಿಯುವ ಮೊದಲೇ ವಾಂತಿ. ದೊಡ್ಡ ಡಾಕ್ಟರಿಗೆ ತೋರಿಸೋಣವೆಂದರೆ, "ಎದೆ ಫೋಟೋ ತೆಗ್ದು ಏನೇನೋ ಹೇಳ್ತಾರೆ ಅತ್ತಿಗೆ, ನಂಗೆ ಭಯ" ಎನ್ನುತ್ತಿದ್ದಳು.

ಕೆಮ್ಮುವವಳು ಅವಳು, ಔಷಧಿ ತಿನ್ನುವವನು ಇವನು! ಇಂಥ ನ್ಯಾಯ ಎಲ್ಲಾದರೂ ಉಂಟೇ? ಒಂದು ವರ್ಷ ಆಡುಸೋಗೆ ಕಷಾಯ ಕುಡಿದು ಮುಖ ಕಿವಿಚಿದ. ಮರುವರ್ಷ ಹಿಪ್ಪಲಿ ತಿಂದು ಹೊಟ್ಟೆ ಉರಿಸಿಕೊಂಡ. ಹೆಂಡತಿ ಪಕ್ಕದಲ್ಲಿ ಲೊಕ್ಕಲೊಕ್ಕ ಎನ್ನುತ್ತಿದ್ದರೆ ಈ ಮಹಾರಾಯ ಜೇನಿನಲ್ಲಿ ಮೆಣಸು ಕಲಸಿ ತಾನೇ ನೆಕ್ಕುತ್ತಿದ್ದ. ಗಂಡಸಿನ ಸ್ವಾರ್ಥಕ್ಕೂ ಒಂದು ಮಿತಿ ಬೇಡವೇ ಎಂದು ನಾನು ಎದುರಿಗೇ ಅಂದಿದ್ದೇನೆ. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಈ ಬೇಸಿಗೆ ನಾನು ಊರಿಗೆ ಹೋದಾಗ ಹೊಸ ಅವತಾರ ಕಾದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಏಜೆಂಟಾದ ಯಾರೋ ಒಬ್ಬ ಅವನ ಕೈಗೆ ಮಿರಮಿರ ಮಿಂಚುವ ಡಬ್ಬಿ ಹಿಡಿಸಿದ್ದ. ಒಳಗೆ ಬೆಣ್ಣೆ ಬಣ್ಣದ, ಬೆರಳ ತುದಿಯಂಥ ಮಾತ್ರೆಗಳು. ಆಂಟಿಆಕ್ಸಿಡೆಂಟ್! ಬಾಯಿಗಲ್ಲ, ಹಿಂದಿನಿಂದ ಇಟ್ಟುಕೊಳ್ಳುವಂಥವು.

"ಮೈಗೆ ಒಳಗೊಳಗೇ ತುಕ್ಕು ಹಿಡಿತೈತಂತೆ ಅಕ್ಕ. ಮಿಷಿನ್ನಿಗೆ ತುಕ್ಕು ಹಿಡಿದ್ರೆ ಎಣ್ಣೆ ಬಿಡಲ್ವಾ? ಹಂಗೇಯ."

"ಮಿಷಿನ್ನಿಗೆ ಎಣ್ಣೆ ಮೇಲಿಂದ ಬಿಡ್ತಾರೆ ಕಣೋ!"

ಆ ಮಾತ್ರೆಗೆ ಬಿಸಿಲು ಆಗದು, ಕರಗುತ್ತದೆ. ಫ್ರಿಜ್ಜಿನಲ್ಲಿಡಲು ಹೋದರೆ ಹೆಂಡತಿ ಅಡ್ಡ ನಿಂತಳು. "ಮೊಸರಿನ ಪಕ್ಕ ಅದನ್ನಿಟ್ರೆ ನಾನು ತವರಿಗೆ ಹೋಗ್ತೀನಿ!" ಊರಿನಲ್ಲಿ ಇನ್ನೊಂದು ತಂಪು ಜಾಗವೆಂದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿದ ಹುಳುವಿನ ಮನೆ. ಪ್ಲಾಸ್ಟಿಕ್ಕಿನಲ್ಲಿ ವಿಷವಿದೆಯೆಂದು ಉಳಿದ ಮಾತ್ರೆಗಳನ್ನೆಲ್ಲ ಬಿಚ್ಚಿ, ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಸುರುಳಿಗಳ ನಡುವೆ ಸಾಲಾಗಿ ಜೋಡಿಸಿದ. ಎಂಥ ಬುದ್ಧಿ ನೋಡಿ! ಆ ಸಲದ ಗೂಡೂ ಹಳದಿ, ಮಾತ್ರೆಯೂ ಹಳದಿ. ಆಕಾರದಲ್ಲಂತೂ ಅಣ್ಣತಮ್ಮಂದಿರು. ಗೂಡು ಬಿಡಿಸಲು ಬಂದ ಹೆಂಗಸರು ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿದರು.

ಮಾರ್ಕೆಟ್ಟಿಗೆ ನಾನೂ ಜೊತೆಗೆ ಹೋಗಿದ್ದೆ. ಗೂಡು ಕೊಳ್ಳುವವರಿಗೆ ಒಂದು ಪದ್ಧತಿ. ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳು ಟಕಟಕ ಅಂದರೆ ಮಾಲು ಒಳ್ಳೆಯದು. ಒಬ್ಬ ಸಾಹುಕಾರ ಎತ್ತಿದ, ಅಲ್ಲಾಡಿಸಿದ. ಸದ್ದಿಲ್ಲ. ಇನ್ನಷ್ಟು ಹತ್ತಿರ ಹಿಡಿದು ಅಲ್ಲಾಡಿಸಿದ. ಬೆರಳ ಬಿಸಿಗೆ ಅದು ಕರಗಿ ಕಿವಿಯ ಹಾಲೆಯ ಮೇಲೆ ಇಳಿಯಿತು!

"ಏನ್ರೀ ಇದು, ಹುಳಕ್ಕೆ ಸೊಪ್ಪು ತಿನ್ಸಿದ್ರೋ ತುಪ್ಪ ತಿನ್ಸಿದ್ರೋ?"

ತಮ್ಮ ಬಗ್ಗಿ ಚೀಲದ ಬಾಯಿ ಕಟ್ಟತೊಡಗಿದ. ಸಾಹುಕಾರ ಮೂಸಿ ನೋಡಿದಾಗಲಂತೂ ನಾನು ಸೂರು ನೋಡುತ್ತ ನಿಂತೆ.

ಮನೆಗೆ ಬಂದು ವಾರ್ಡಿನ ದನಿ ತೆಗೆದೆ. "ಜ್ವರದ ಕೂಸಿಗೆ, ವಾಂತಿ ನಿಲ್ಲದವರಿಗೆ, ಹೊಟ್ಟೆ ಕಟ್ಟಿದವರಿಗೆ ಹಿಂದಿನಿಂದ ಇಡೋ ಮಾತ್ರೆ ನಾನೇ ಎಷ್ಟೋ ಇಟ್ಟಿದ್ದೀನಿ. ಅದನ್ನ ಡಾಕ್ಟ್ರು ಬರೆದುಕೊಟ್ಟಿರ್ತಾರೆ. ಇದನ್ನ ಯಾರು ಬರೆದ್ರು? ಒಳಗೇನೈತೆ ಅಂತ ಡಬ್ಬಿ ಮೇಲೆ ನೆಟ್ಟಗೆ ಹಾಕೂ ಇಲ್ಲ. ಮೂಲವ್ಯಾಧಿ ಇದ್ರೆ ಉರಿ, ರಕ್ತ. ಬೇರೆ ಔಷಧಿ ತಗೊಳ್ಳೋರಿಗೆ ಅದರ ಜೊತೆ ಇದು ಹೊಂದುತ್ತೋ ಇಲ್ವೋ, ಕೇಳಿದ್ಯಾ? ತುಕ್ಕು ಬಿಡುತ್ತೆ ಅನ್ನೋದಕ್ಕೂ ಆ ಏಜೆಂಟನ ಬಾಯಿ ಬಿಟ್ರೆ ಬೇರೆ ಸಾಕ್ಷಿ ಇಲ್ಲ. ನುಗ್ಗೆಸೊಪ್ಪು, ನೆಲ್ಲಿಕಾಯಿ ತಿನ್ನೋಕೆ ನಿನ್ನ ಬಾಯಿಗೇನಾಗೈತೆ?"

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಉಸಿರು ಕಟ್ಟೋರಿಗೆ ಆಗಲ್ವಾ ಅಕ್ಕ?" ಅಂದ.

"ನಿನಗೆಲ್ಲೋ ಉಸಿರು ಕಟ್ತೈತೆ?"

ಒಳಗೆ ಅವಳು ಕೆಮ್ಮತೊಡಗಿದಳು. ಅವನು ಎದ್ದು ಹೋಗಿ ಅವಳಿಗೆ ಬಿಸಿನೀರು ಕೊಟ್ಟು ಬಂದ.

"ಅವಳಿಗೆ ಮಾತ್ರೆ ನುಂಗಕ್ಕಾಗಲ್ಲ. ನುಂಗೋದೇ ಬ್ಯಾಡ ಅಂದ್ನಲ್ಲ ಅವ್ನು, ಅದ್ಕೇ ತಗಂಡೆ. ಒಂದು ತಿಂಗ್ಳು ನಾನೇ ಇಟ್ಕಂಡು ನೋಡ್ದೆ, ನಂಗೇನೂ ಆಗ್ಲಿಲ್ಲ. ಇನ್ನ ಅವಳಿಗೆ ಕೊಡಾಣ ಅಂತಿದ್ದೆ."

ಆಡುಸೋಗೆ, ಹಿಪ್ಪಲಿ, ಜೇನು ಮೆಣಸು. ಕೆಮ್ಮದವನು ಇಷ್ಟು ವರ್ಷ ತಿಂದು ಕುಡಿದದ್ದೆಲ್ಲ ಕೆಮ್ಮಿನ ಮದ್ದೇ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಇಬ್ಬರನ್ನೂ ಹತ್ತಿಸಿಕೊಂಡು ಹಿಂದೂಪುರದ ಎದೆ ಡಾಕ್ಟರ ಬಳಿ ಹೋದೆ. ಈ ಸಲ ಅವಳ ಭಯವನ್ನು ನಾನು ಕೇಳಲಿಲ್ಲ. ಎದೆಯ ಫೋಟೋ ನೋಡಿ ಡಾಕ್ಟರು, ಭಯಪಡುವಂಥದ್ದಿಲ್ಲ, ತಡ ಮಾಡಿದ್ದೀರಿ ಅಷ್ಟೇ, ಎಂದು ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಬರೆದರು. ನುಂಗುವುದೇನೂ ಇಲ್ಲ. ಆದರೂ ಅವಳು ಅದನ್ನು ಬಾಯಿಗಿಡದೆ ಕೈಯಲ್ಲೇ ತಿರುಗಿಸುತ್ತ ಕೂತಳು.

"ಡಾಕ್ಟ್ರೇ, ಮೊದ್ಲು ನಂಗೊಂದ್ಸಲ ಕೊಡ್ರಿ" ಎಂದು ತಮ್ಮ ಕೈ ಚಾಚಿದ.

"ಇವರಿಗೇನು ತೊಂದರೆ?" ಎಂದು ಡಾಕ್ಟರು ನನ್ನ ಮುಖ ನೋಡಿದರು. "ಏನೂ ಇಲ್ಲ ಸಾರ್, ಒಂದು ಸಲ ಕೊಡಿ" ಎಂದೆ. ಅವರು ರೋಗಿಗಳಿಗೆ ತೋರಿಸಿಕೊಡಲು ಮೇಜಿನ ಮೇಲಿಟ್ಟಿದ್ದ ಔಷಧಿಯಿಲ್ಲದ ಪಂಪೊಂದನ್ನು ಒರೆಸಿ ಕೊಟ್ಟರು. ತಮ್ಮ ಅದನ್ನು ಜೋರಾಗಿ ಎಳೆದುಕೊಂಡ, ಉಸಿರು ಹಿಡಿದ, ಎದೆ ಮುಟ್ಟಿ ನೋಡಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಏನೂ ಆಗಲ್ಲ, ಎಳ್ಕಳೇ."

ಅವಳು ಕಣ್ಣು ಮುಚ್ಚಿ ಎಳೆದುಕೊಂಡಳು.